ಐದು, ಏಳು ಮತ್ತು ಮೆಟಲ್

ಹಲವು ಊರು, ಹಲವು ಕೈ ಸೇರಿ ಒಂದು ಹಾಡನ್ನು ಮತ್ತೆ ಮುದ್ರಿಸುವ ಕೆಲಸಕ್ಕೆ ಹಾಸನ ಸೀಮೆ ಎಂದೋ ಅಣಿಯಾಗಿದೆ

ಲಾಸ್ ಏಂಜಲಿಸ್‌ನ ‘ಟೂಲ್’ ಬ್ಯಾಂಡು 2001ರಲ್ಲಿ ‘ಲ್ಯಾಟರಾಲಸ್’ ಎಂಬ ಆಲ್ಬಂ ಹೊರತಂದಿತು. ಅದರಲ್ಲಿರುವ ‘ಸ್ಕಿಸಂ’ ಹಾಡಿಗೆ ಮರುವರ್ಷ ಮೆಟಲ್ ವಿಭಾಗದ ಗ್ರ್ಯಾಮಿ ಪ್ರಶಸ್ತಿ ಬಂತು. ಆ ಹಾಡಿನಲ್ಲಿ ಬೇಸ್ ಗಿಟಾರಿನ ಮುಖ್ಯ ವರಸೆ ಶುರುವಾಗುತ್ತಿದ್ದಂತೆ ತೊಡೆಯ ಮೇಲೆ ತಾಳ ಹಾಕಿ ನೋಡಿ. ನಾಲ್ಕರ ಲೆಕ್ಕ ಹಿಡಿದರೆ ಹಾಡಿನ ಪೆಟ್ಟು ಒಂದು ಕಡೆ, ನಿಮ್ಮ ಪೆಟ್ಟು ಇನ್ನೊಂದು ಕಡೆ ಬೀಳುತ್ತದೆ. ‘ತಕ ತಕಿಟ’ ಎಂದು ಐದು ಎಣಿಸಿ, ಅದರ ಬೆನ್ನಿಗೇ ‘ತಕಿಟ ತಕದಿಮಿ’ ಎಂದು ಏಳು ಎಣಿಸಿ. ಒಳಗಿನ ಒತ್ತು ಅಲ್ಲಲ್ಲಿ ಬೇರೆಯಾದರೂ ಎಣಿಕೆ ಕೂಡಿಕೊಳ್ಳುತ್ತದೆ. ಒಂದು ಖಂಡಚಾಪು, ಒಂದು ಮಿಶ್ರಚಾಪು, ಒಟ್ಟು ಹನ್ನೆರಡು ಅಕ್ಷರ. ಹನ್ನೆರಡನ್ನು ಮೂರರಿಂದಲೂ ನಾಲ್ಕರಿಂದಲೂ ಭಾಗಿಸಬಹುದಾದ್ದರಿಂದ ಪ್ರತಿ ಸುತ್ತಿನ ಕೊನೆಗೆ ತಲೆದೂಗುವವನ ಲಯವೂ ಬಂದು ಸೇರುತ್ತದೆ. ಆ ಬ್ಯಾಂಡಿನ ಡ್ರಮ್ಮರ್ ಡ್ಯಾನಿ ಕ್ಯಾರಿ ತಬಲಾ ಅಭ್ಯಾಸ ಮಾಡಿದವರು ಎಂಬುದು ತಿಳಿದ ಮೇಲೆ ಈ ಲೆಕ್ಕ ಅಷ್ಟೇನೂ ಅಚ್ಚರಿ ಎನ್ನಿಸುವುದಿಲ್ಲ.

ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದ ಕಡೆ ಮೃದಂಗ ಕಲಿಯುವ ಹುಡುಗನಿಗೆ ಈ ಐದು ಏಳರ ಆಟ ಮೊದಲ ಕೆಲವು ವರ್ಷಗಳಲ್ಲೇ ಕೈಗೆ ಹತ್ತುತ್ತದೆ. ಹಾಸನದ ಕಾಲೇಜು ಹಾಸ್ಟೆಲಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಟೂಲ್, ಲಿಂಕಿನ್ ಪಾರ್ಕ್, ಸಿಸ್ಟಂ ಆಫ್ ಎ ಡೌನ್ ಕೇಳುವ ಹುಡುಗಿಗೆ ಅದು ಕಿವಿಗೆ ಹತ್ತಿರುತ್ತದೆ. ಇವರಿಬ್ಬರೂ ಒಂದೇ ಜಿಲ್ಲೆಯವರು, ಒಂದೇ ಲೆಕ್ಕ ಬಲ್ಲವರು. ಆದರೂ ಒಬ್ಬರ ಸಂಗೀತ ಇನ್ನೊಬ್ಬರ ಮನೆಯ ಬಾಗಿಲು ದಾಟುವುದಿಲ್ಲ. ‘ಅದೆಂಥ ಗಲಾಟೆ’ ಎಂದು ಒಂದು ಮನೆಯಲ್ಲಿ, ‘ಅದೆಲ್ಲ ಹಳೇ ಕಾಲದ್ದು’ ಎಂದು ಇನ್ನೊಂದರಲ್ಲಿ. ಇವರು ಒಟ್ಟಿಗೆ ಕೂತು ಒಂದು ಮೆಟಲ್ ಹಾಡನ್ನು ಬಿಚ್ಚಿ, ಮತ್ತೆ ಕಟ್ಟಿ, ಮುದ್ರಿಸಬೇಕು ಎಂಬುದು ನನ್ನ ಆಸೆ. ಹತ್ತು ಕಾರ್ಯಾಗಾರಗಳಲ್ಲಿ ಸಿಗದ ಸಂಗೀತ ಶಿಕ್ಷಣ ಅದೊಂದರಲ್ಲಿ ಸಿಗುತ್ತದೆ ಎಂಬುದು ನನ್ನ ನಂಬಿಕೆ.

ಕೂಡಿ ಕಟ್ಟಿದವರು

ಮೆಟಲ್ ಲೋಕದಲ್ಲಿ ಕೂಡಿ ಹಾಡುವುದಕ್ಕೆ ಹಳೆಯ ಉದಾಹರಣೆಗಳಿವೆ. ಆಫ್ರಿಕಾದ ಬರಗಾಲದ ಸಂತ್ರಸ್ತರಿಗೆ ನೆರವಾಗಲು ರಾನಿ ಜೇಮ್ಸ್ ಡಿಯೊ ಮುಂದಾಳತ್ವದಲ್ಲಿ ಸುಮಾರು 40 ಮಂದಿ ಹೆವಿ ಮೆಟಲ್ ಕಲಾವಿದರು 1985ರಲ್ಲಿ ‘ಸ್ಟಾರ್ಸ್’ ಎಂಬ ಒಂದೇ ಹಾಡಿಗೆ ದನಿ, ಗಿಟಾರು ಕೊಟ್ಟರು. ಮುಂದಿನ ವರ್ಷ ಅದು ಬಿಡುಗಡೆಯಾಯಿತು. ಮೆಟಾಲಿಕಾ ಬ್ಯಾಂಡಿನ 1991ರ ಆಲ್ಬಂಗೆ ಮೂವತ್ತು ತುಂಬಿದಾಗ, 2021ರಲ್ಲಿ, 53 ಕಲಾವಿದರು ಅದರ ಹಾಡುಗಳನ್ನು ತಂತಮ್ಮ ರೀತಿಯಲ್ಲಿ ಮತ್ತೆ ಮುದ್ರಿಸಿದರು. ಬಂದ ಹಣ ದತ್ತಿ ಕಾರ್ಯಗಳಿಗೆ ಹೋಯಿತು. ಆ ಸಂಗ್ರಹದಲ್ಲಿ ‘ದಿ ಅನ್‌ಫರ್ಗಿವನ್’ ಹಾಡನ್ನು ನಮ್ಮ ದೇಶದ ವಿಶಾಲ್ ದಾದ್ಲಾನಿ, ರ‍್ಯಾಪರ್ ಡಿವೈನ್ ಮತ್ತು ‘ಶೋರ್ ಪೊಲೀಸ್’ ಜೋಡಿ ಸೇರಿ ಮಾಡಿದ್ದಾರೆ.

ಇನ್ನೂ ಹತ್ತಿರದ ಪಾಠ ಮಂಗೋಲಿಯಾದ್ದು. ಉಲಾನ್‌ಬಾತರ್‌ನ ‘ದಿ ಹೂ’ ಬ್ಯಾಂಡು ಕುದುರೆ ತಲೆಯ ಕೆತ್ತನೆಯುಳ್ಳ ಮೊರಿನ್ ಖೂರ್ ವಾದ್ಯ, ಗಂಟಲಿನಾಳದಿಂದ ಬರುವ ಖೂಮಿ ಗಾಯನ ಇವನ್ನು ಮೆಟಲ್ ಜತೆ ಬೆರೆಸಿ 2019ರಲ್ಲಿ ‘ದಿ ಗೆರೆಗ್’ ಆಲ್ಬಂ ತಂದಿತು. ಬಳಿಕ ಅದರಲ್ಲಿನ ‘ವುಲ್ಫ್ ಟೋಟೆಮ್’ ಹಾಡನ್ನು ಅಮೆರಿಕದ ಪಾಪಾ ರೋಚ್ ಬ್ಯಾಂಡಿನ ಜಕೋಬಿ ಶ್ಯಾಡಿಕ್ಸ್ ಜತೆ ಮತ್ತೆ ಮುದ್ರಿಸಿದರು. ಅತಿಥಿ ಇಂಗ್ಲಿಷಿನಲ್ಲಿ ಹಾಡಿದ, ಮನೆಯವರು ಮಂಗೋಲಿಯನ್ ಬಿಡಲಿಲ್ಲ. ಹಾಡಿನ ಬೆನ್ನೆಲುಬು ತಮ್ಮದಾಗಿದ್ದುದರಿಂದ ಹೊಸ ದನಿ ಬಂದು ಕೂತರೂ ಅದು ಅವರ ಹಾಡಾಗಿಯೇ ಉಳಿಯಿತು.

ಇಟಲಿಯ ಚೆಸೇನಾ ಎಂಬ ಊರಿನ ಕತೆ ಬೇರೆ ಥರ. ‘ಫೂ ಫೈಟರ್ಸ್’ ಬ್ಯಾಂಡನ್ನು ತಮ್ಮೂರಿಗೆ ಕರೆಸಬೇಕೆಂದು 2015ರ ಜುಲೈನಲ್ಲಿ ಸಾವಿರ ಮಂದಿ ಮೈದಾನದಲ್ಲಿ ನಿಂತು ಆ ಬ್ಯಾಂಡಿನದೇ ಒಂದು ಹಾಡು ನುಡಿಸಿದರು. ಅಲ್ಲಿ ಎದುರಾದ ಮೊದಲ ತೊಡಕು ಭೌತಶಾಸ್ತ್ರದ್ದು. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. 34 ಮೀಟರ್ ಆಚೆ ಇರುವ ಡ್ರಮ್ಮಿನ ಪೆಟ್ಟು ನಿಮ್ಮ ಕಿವಿಗೆ ಬರುವುದು ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಗಿ. ಅದನ್ನು ಕೇಳಿಕೊಂಡು ನೀವು ನುಡಿಸಿದರೆ ನಿಮ್ಮ ಪಕ್ಕದವನು ಇನ್ನಷ್ಟು ತಡ. ಹೀಗೆ ಸಾವಿರ ಜನರ ಲಯ ಕರಗಿಹೋಗುತ್ತದೆ. ಎಲ್ಲರಿಗೂ ಏಕಕಾಲಕ್ಕೆ ಮುಟ್ಟುವ ಒಂದು ತಾಳ ಬೇಕೇ ಬೇಕು. ಅದೇ ವರ್ಷ ನವೆಂಬರ್‌ನಲ್ಲಿ ಬ್ಯಾಂಡು ಚೆಸೇನಾಗೆ ಬಂದು ಕಛೇರಿ ಕೊಟ್ಟಿತು.

ತಂಬೂರಿಯ ಶ್ರುತಿ, ಗಿಟಾರಿನ ಶ್ರುತಿ

ಮೆಟಲ್ ಗಿಟಾರಿನ ಆ ದಪ್ಪ ಗುಡುಗು ಎಲ್ಲಿಂದ ಬರುತ್ತದೆ? ಸಾಮಾನ್ಯ ಗಿಟಾರಿನಲ್ಲಿ ಎಲ್ಲಕ್ಕಿಂತ ದಪ್ಪನೆಯ ತಂತಿಯನ್ನು ಇ ಸ್ವರಕ್ಕೆ ಕೂಡಿಸಿರುತ್ತಾರೆ. ಮೆಟಲ್‌ನವರು ಅದನ್ನು ಎರಡು ಸ್ವರಸ್ಥಾನ ಸಡಿಲಿಸಿ ಡಿ ಸ್ವರಕ್ಕೆ, ಅಂದರೆ ಹಾರ್ಮೋನಿಯಂನ ಎರಡನೇ ಬಿಳಿ ಮನೆಗೆ ಇಳಿಸುತ್ತಾರೆ. ಇದಕ್ಕೆ ಡ್ರಾಪ್ ಡಿ ಎನ್ನುವುದು ವಾಡಿಕೆ. ‘ಸ್ಕಿಸಂ’ ಇರುವುದೂ ಇದರಲ್ಲೇ. ಈಗ ಕೆಳಗಿನ ಮೂರು ತಂತಿಗಳನ್ನು ಹಾಗೇ ಮೀಟಿ: ಡಿ, ಎ, ಮೇಲಿನ ಡಿ. ನಮ್ಮ ಲೆಕ್ಕದಲ್ಲಿ ಷಡ್ಜ, ಪಂಚಮ, ಮೇಲಿನ ಷಡ್ಜ. ಒಂದೇ ಬೆರಳನ್ನು ಮೂರೂ ತಂತಿಗೆ ಅಡ್ಡಲಾಗಿ ಒತ್ತಿ ಮೇಲೆ ಕೆಳಗೆ ಸರಿಸಿದರೆ ಸ–ಪ–ಸ ಗುಂಪೇ ಮನೆಯಿಂದ ಮನೆಗೆ ನಡೆಯುತ್ತದೆ. ಪವರ್ ಕಾರ್ಡ್ ಎಂದು ಹೆಸರಾದದ್ದು ಇದೇ.

ತಂಬೂರಿ ಮೀಟುವವರಿಗೆ ಈ ಮೂರು ಸ್ವರಗಳ ಪರಿಚಯ ಹೇಳಬೇಕಾಗಿಲ್ಲ. ಪಂಚಮ, ಎರಡು ಸಾರಣಿ (ಮೇಲಿನ ಷಡ್ಜ), ಮಂದ್ರ ಷಡ್ಜ, ಇಷ್ಟೇ ಅದರ ಬಂಡವಾಳ. ಗಾಂಧಾರವನ್ನು ಬಿಟ್ಟಿರುವುದರಿಂದ ಅದರ ಮೇಲೆ ಯಾವ ರಾಗವನ್ನಾದರೂ ಹಾಡಬಹುದು. ಪವರ್ ಕಾರ್ಡ್‌ನಲ್ಲೂ ಗಾಂಧಾರ ಇಲ್ಲ. ಅದಕ್ಕೆ ಕಾರಣವೂ ಸ್ಪಷ್ಟ: ಗಿಟಾರಿನ ದನಿಯನ್ನು ಡಿಸ್ಟಾರ್ಷನ್ ಪೆಡಲ್ ಮೂಲಕ ಒಡೆದಾಗ ಸ್ವರಗಳ ನಡುವೆ ಇಲ್ಲದ ಸ್ವರಗಳು ಹುಟ್ಟಿಕೊಳ್ಳುತ್ತವೆ. ಷಡ್ಜ ಪಂಚಮಗಳ ಕಂಪನದ ಅನುಪಾತ ಎರಡಕ್ಕೆ ಮೂರು. ಇಷ್ಟು ಸರಳವಾದ ಸಂಬಂಧವಿದ್ದರೆ ಹುಟ್ಟಿಕೊಂಡ ಸ್ವರಗಳೂ ಹೊಂದಿಕೊಂಡು ದನಿ ದಪ್ಪವಾಗುತ್ತದೆ. ಗಾಂಧಾರ ಸೇರಿಸಿದರೆ ರಾಡಿಯಾಗುತ್ತದೆ.

ರುದ್ರಪಟ್ಟಣದಲ್ಲಿ ವಿದ್ವಾನ್ ಆರ್.ಕೆ. ಪದ್ಮನಾಭ ಅವರ ಶ್ರಮದಿಂದ ನಿಂತಿರುವ ಸಪ್ತಸ್ವರ ದೇವತಾ ಧ್ಯಾನ ಮಂದಿರದ ಆಕಾರವೇ ತಂಬೂರಿಯದು. ಕಾವೇರಿ ದಂಡೆಯ ಈ ಒಂದು ಹಳ್ಳಿ ಕರ್ನಾಟಕ ಸಂಗೀತಕ್ಕೆ ಕೊಟ್ಟವರ ಪಟ್ಟಿ ದೊಡ್ಡದು. 1920ರಲ್ಲಿ ಅಲ್ಲಿ ಹುಟ್ಟಿದ ಆರ್.ಕೆ. ಶ್ರೀಕಂಠನ್ ಆಕಾಶವಾಣಿಯಲ್ಲಿ ದಶಕಗಳ ಕಾಲ ದುಡಿದು, 1995ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿಯಾದರು. 2011ರಲ್ಲಿ ಪದ್ಮಭೂಷಣ ಬಂತು. ಆರ್.ಎನ್. ತ್ಯಾಗರಾಜನ್ ಮತ್ತು ಆರ್.ಎನ್. ತಾರಾನಾಥನ್ ‘ರುದ್ರಪಟ್ಟಣಂ ಸಹೋದರರು’ ಎಂದೇ ಹೆಸರಾದರು. ಜೋಡಿ ಗಾಯನದಲ್ಲಿ ಒಬ್ಬ ಎಲ್ಲಿ ನಿಲ್ಲಿಸುತ್ತಾನೆ, ಇನ್ನೊಬ್ಬ ಎಲ್ಲಿಂದ ಎತ್ತಿಕೊಳ್ಳಬೇಕು ಎಂಬುದನ್ನು ಕಿವಿಯೇ ತೀರ್ಮಾನಿಸುತ್ತದೆ. ಕೂಡಿ ಮುದ್ರಿಸುವವರಿಗೆ ಬೇಕಾದ ಮೊದಲ ಗುಣ ಅದೇ.

ನಾಲ್ಕು ಊರು, ಒಂದು ಕ್ಲಿಕ್

ಕೆಲಸ ಹೇಗೆ ನಡೆಯುತ್ತದೆ ನೋಡೋಣ. ಒಂದು ತಂಡ ಹೀಗಿದೆ ಎಂದಿಟ್ಟುಕೊಳ್ಳಿ: ಹಾಸನದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಡ್ರಮ್ಸ್ ನುಡಿಸುವವನು, ಹೊಳೆನರಸೀಪುರದಲ್ಲಿ ಗಿಟಾರಿನವಳು, ಅರಕಲಗೂಡು ಕಡೆಯ ಮೃದಂಗದ ವಿದ್ಯಾರ್ಥಿ, ಚನ್ನರಾಯಪಟ್ಟಣದಲ್ಲಿ ಹಾಡುಗಾರ. ವಾರವಾರವೂ ಒಂದೆಡೆ ಸೇರಲು ಬಸ್ಸು, ಪರೀಕ್ಷೆ, ಮನೆಗೆಲಸ ಬಿಡುವುದಿಲ್ಲ. ವಿಡಿಯೋ ಕರೆಯಲ್ಲಿ ಒಟ್ಟಿಗೆ ನುಡಿಸಲೂ ಆಗದು. ಮೈದಾನದಲ್ಲಿ ಸದ್ದಿಗೆ ಆದ ತಡವೇ ಇಂಟರ್‌ನೆಟ್ಟಿನಲ್ಲೂ ಆಗುತ್ತದೆ, ಅದೂ ಒಮ್ಮೆ ಹೆಚ್ಚು ಒಮ್ಮೆ ಕಡಿಮೆ. ಆದ್ದರಿಂದ ಒಬ್ಬೊಬ್ಬರೂ ತಂತಮ್ಮ ಮನೆಯಲ್ಲಿ, ಎಲ್ಲರಿಗೂ ಒಂದೇ ಆದ ತಾಳದ ಸದ್ದನ್ನು ಕೇಳಿಕೊಂಡು ನುಡಿಸಿ, ಆಮೇಲೆ ಎಲ್ಲವನ್ನೂ ಪದರ ಪದರವಾಗಿ ಜೋಡಿಸಬೇಕು. ಆ ಸದ್ದಿಗೆ ಕ್ಲಿಕ್ ಎನ್ನುತ್ತಾರೆ.

ಮೊದಲು ಹಾಡಿನ ನಕ್ಷೆ ಬರೆಯಬೇಕು. ಎಲ್ಲಿ ಐದು, ಎಲ್ಲಿ ಏಳು, ಎಲ್ಲಿ ನಿಲುಗಡೆ, ಎಲ್ಲಿ ವೇಗ ಬದಲು, ಎಲ್ಲ ಕಾಗದದ ಮೇಲೆ ಬರಬೇಕು. ಈ ಕೆಲಸಕ್ಕೆ ಮೃದಂಗದ ಹುಡುಗನಷ್ಟು ತಕ್ಕವರು ತಂಡದಲ್ಲಿ ಬೇರೆ ಇಲ್ಲ. ಅವನು ಸೊಲ್ಲಿನಲ್ಲಿ ಹೇಳಿ ಫೋನಿನಲ್ಲಿ ಮುದ್ರಿಸಿ ಕಳಿಸಿದರೆ ಉಳಿದವರು ಕೈಯಲ್ಲಿ ಹಾಕಿ ಕಲಿಯುತ್ತಾರೆ. ಅದರ ಮೇಲೆ ಕ್ಲಿಕ್ ಕೂಡಿಸಿ, ಸಾಮಾನ್ಯ ಗಿಟಾರಿನಲ್ಲಿ ಹಾಡಿನ ಎಲುಬುಗೂಡನ್ನು ನುಡಿಸಿದ ದಾರಿತೋರುಕ ಟ್ರ್ಯಾಕ್ ಒಂದನ್ನು ಎಲ್ಲರಿಗೂ ಕಳಿಸಬೇಕು. ಆಮೇಲೆ ಡ್ರಮ್ಸ್, ಅದರ ಮೇಲೆ ಬೇಸ್, ಗಿಟಾರು, ಮೃದಂಗ, ಕೊನೆಗೆ ದನಿ.

ಹೊಳೆನರಸೀಪುರದ ಗಿಟಾರಿನವಳ ಕೋಣೆಗೆ ಬನ್ನಿ. ಗಿಟಾರು ನೇರವಾಗಿ ಕಂಪ್ಯೂಟರಿಗೆ ಹೋಗುವುದರಿಂದ ಅವಳಿಗೆ ಬೀದಿಯ ಹಾರ್ನಿನ ಭಯವಿಲ್ಲ. ಅವಳು ಒಂದೇ ವರಸೆಯನ್ನು ಎರಡು ಸಲ ಬೇರೆಬೇರೆಯಾಗಿ ನುಡಿಸುತ್ತಾಳೆ. ಒಂದನ್ನು ಎಡ ಕಿವಿಗೆ, ಇನ್ನೊಂದನ್ನು ಬಲ ಕಿವಿಗೆ ಇಟ್ಟಾಗ ಎರಡರ ನಡುವಿನ ಕೂದಲೆಳೆಯಷ್ಟು ವ್ಯತ್ಯಾಸದಿಂದಲೇ ಆ ಗೋಡೆಯಂಥ ದಪ್ಪ ಹುಟ್ಟುತ್ತದೆ. ಒಂದನ್ನೇ ನಕಲು ಮಾಡಿ ಎರಡೂ ಕಡೆ ಇಟ್ಟರೆ ಆ ಗುಣ ಬರುವುದಿಲ್ಲ. ಹಾಗಾಗಿ ಎರಡೂ ಸಲ ಅಷ್ಟೇ ಕರಾರುವಾಕ್ಕಾಗಿ ನುಡಿಸಬೇಕು. ಹೊರಗಿನವರಿಗೆ ಗಲಾಟೆಯಾಗಿ ಕೇಳುವ ಸದ್ದಿನ ಹಿಂದೆ ಇಂಥ ಶಿಸ್ತಿನ ಸಾಧನೆ ಇದೆ.

ಚನ್ನರಾಯಪಟ್ಟಣದ ಹಾಡುಗಾರನಿಗೆ ಮೈಕು ಬೇಕು, ಸದ್ದು ಮರುಕಳಿಸದ ಜಾಗ ಬೇಕು. ಗೋಡೆಗೆ ಕಂಬಳಿ ಇಳಿಬಿಟ್ಟು, ಬೆನ್ನ ಹಿಂದೆ ಹಾಸಿಗೆ ನಿಲ್ಲಿಸಿ, ಫ್ಯಾನು ಆರಿಸಿ ಹಾಡಿದರೆ ಸಣ್ಣ ಕೋಣೆಯೂ ಸಾಕು. ಮೆಟಲ್‌ನ ಚೀರುದನಿಯನ್ನು ಗಂಟಲು ಹರಿದುಕೊಂಡು ತೆಗೆಯಬಾರದು. ಬಲ್ಲವರು ನಿಜವಾದ ಧ್ವನಿತಂತುಗಳ ಮೇಲಿರುವ ಮಡಿಕೆಗಳನ್ನು ಕಂಪಿಸಿ, ಹೊಟ್ಟೆಯಿಂದ ಉಸಿರು ಕೊಟ್ಟು ಅದನ್ನು ತೆಗೆಯುತ್ತಾರೆ. ನೋವಾದರೆ ಅಲ್ಲಿಗೆ ನಿಲ್ಲಿಸಬೇಕು. ತಿಳಿದವರಿಂದ ಕಲಿಯದೆ ಇದಕ್ಕೆ ಕೈಹಾಕಬಾರದು.

ಕಳಿಸುವಾಗಲೂ ಜಾಗ್ರತೆ ಬೇಕು. ಎಲ್ಲರೂ 48 ಕಿಲೋಹರ್ಟ್ಸ್, 24 ಬಿಟ್ ಎಂದು ಮೊದಲೇ ಮಾತಾಡಿಕೊಳ್ಳಬೇಕು. ಒಬ್ಬರು 48ರಲ್ಲಿ ಮುದ್ರಿಸಿದ್ದು ಇನ್ನೊಬ್ಬರ ಬಳಿ 44.1 ಎಂದು ತೆರೆದುಕೊಂಡರೆ ವೇಗ ಶೇ 8ರಷ್ಟು ಕುಗ್ಗಿ, ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಇಳಿದುಹೋಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಆಡಿಯೊ ಎಂದು ಕಳಿಸಿದರೆ ದನಿ ಹಿಂಡಿಹೋಗುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಬೇಕು. 48 ಕಿಲೋಹರ್ಟ್ಸ್, 24 ಬಿಟ್ ಲೆಕ್ಕದಲ್ಲಿ ಒಂದು ಮೊನೊ ಟ್ರ್ಯಾಕ್ ನಿಮಿಷಕ್ಕೆ ಸುಮಾರು ಎಂಟೂವರೆ ಎಂಬಿ ತಿನ್ನುತ್ತದೆ. ಏಳು ನಿಮಿಷದ ಹಾಡಿಗೆ ಒಂದೊಂದು ಟ್ರ್ಯಾಕೂ ಸುಮಾರು 60 ಎಂಬಿ. ಮೊಬೈಲ್ ಡೇಟಾದಲ್ಲಿ ಇದು ದೊಡ್ಡ ಹೊರೆಯಲ್ಲ. ಅಡಾಸಿಟಿಯಂಥ ತಂತ್ರಾಂಶ ಪುಕ್ಕಟೆ ಸಿಗುತ್ತದೆ.

ನಿಜವಾದ ಜಗಳ ಆಗುವುದು ಮಿಕ್ಸಿಂಗ್‌ನಲ್ಲಿ. ಡ್ರಮ್ಮಿನ ಕಿಕ್, ಬೇಸ್ ಗಿಟಾರು, ಮೃದಂಗದ ಎಡಭಾಗ, ಮೂರೂ ಒಂದೇ ಮಂದ್ರದ ಜಾಗಕ್ಕೆ ನುಗ್ಗುತ್ತವೆ. ಎಲ್ಲವನ್ನೂ ಜೋರು ಮಾಡಿದರೆ ಯಾವುದೂ ಕೇಳಿಸದು. ಒಂದಕ್ಕೆ ಜಾಗ ಬಿಡಲು ಇನ್ನೊಂದರ ಆ ಮಂದ್ರ ಭಾಗವನ್ನು ತಗ್ಗಿಸಬೇಕು. ಮೃದಂಗ ಮಾತಾಡುವಾಗ ಕಿಕ್ ಸುಮ್ಮನಿರಬೇಕು. ತನ್ನ ವಾದ್ಯವನ್ನು ತಗ್ಗಿಸಿ ಎಂದು ಡ್ರಮ್ಮರ್ ತಾನಾಗಿ ಹೇಳುವ ದಿನ ಆ ತಂಡ ತಂಡವಾಯಿತು ಎಂದರ್ಥ.

ನುಗ್ಗೇಹಳ್ಳಿಯ ಎರಡು ಕೈ

ಹೀಗೆ ಕೂಡಿ ಮಾಡಿದಾಗ ಒಬ್ಬೊಬ್ಬರ ಗುರುತು ಅಳಿಸಿಹೋಗುವುದಿಲ್ಲವೇ ಎಂದು ಕೇಳುವವರು ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಗೆ ಹೋಗಿಬರಬೇಕು. 1246ರಲ್ಲಿ ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯದ ಹೊರಗೋಡೆಯಲ್ಲಿ ದಕ್ಷಿಣದ ಕಡೆ ಶಿಲ್ಪಿ ಬೈಚೋಜನ ಕೈ, ಉತ್ತರದ ಕಡೆ ಶಿಲ್ಪಿ ಮಲ್ಲಿತಮ್ಮನ ಕೈ. ಶಿಲ್ಪಗಳ ಬುಡದಲ್ಲಿ ಅವರ ಹೆಸರುಗಳಿವೆ. ಹೆಸರು ನೋಡದಿದ್ದರೂ ಮೈಕಟ್ಟಿನಲ್ಲಿ, ಒಡವೆಯ ಬಿಗಿಯಲ್ಲಿ ಎರಡು ಮನೋಧರ್ಮ ಕಾಣುತ್ತದೆ. ಆದರೆ ಕಲ್ಲು ಒಂದೇ, ಅಡಿಪಾಯದ ಅಳತೆ ಒಂದೇ, ಪಟ್ಟಿಕೆಗಳ ಎತ್ತರ ಒಂದೇ. ಅಳತೆಯನ್ನು ಇಬ್ಬರೂ ಒಪ್ಪಿಕೊಂಡದ್ದರಿಂದ ಕೈ ಸ್ವತಂತ್ರವಾಗಿ ಆಡಿತು. ಕ್ಲಿಕ್ ಮತ್ತು ಶ್ರುತಿಯನ್ನು ಒಪ್ಪಿಕೊಂಡ ತಂಡಕ್ಕೂ ಅಷ್ಟೇ ಸ್ವಾತಂತ್ರ್ಯವಿದೆ.

ಅಶ್ವತ್ಥ್ ಹಾದಿ

ಹಾಡನ್ನು ಹೊಸದಾಗಿ ಕಟ್ಟುವ ಧೈರ್ಯಕ್ಕೆ ಈ ಸೀಮೆಯಲ್ಲೇ ಹಿರಿಯರಿದ್ದಾರೆ. ಸಿ. ಅಶ್ವತ್ಥ್ ಹುಟ್ಟಿದ್ದು 1939ರಲ್ಲಿ ಚನ್ನರಾಯಪಟ್ಟಣದಲ್ಲಿ. ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ನೌಕರಿ ಮಾಡುತ್ತಲೇ ಸಂಗೀತ ಕಟ್ಟಿದವರು. ಧಾರವಾಡದ ಕಡೆ ಏಕತಾರಿ, ತಾಳದೊಂದಿಗೆ ಭಜನೆಯವರ ಬಾಯಲ್ಲಿದ್ದ ಶಿಶುನಾಳ ಷರೀಫರ ತತ್ವಪದಗಳಿಗೆ ಅವರು ಹೊಸ ಮಟ್ಟು, ಹೊಸ ವಾದ್ಯಮೇಳ ಕೊಟ್ಟರು. 1990ರಲ್ಲಿ ಟಿ.ಎಸ್. ನಾಗಾಭರಣ ಅವರ ‘ಸಂತ ಶಿಶುನಾಳ ಷರೀಫ’ ಚಿತ್ರಕ್ಕೂ ಅವರದೇ ಸಂಗೀತ. ಆ ಪದಗಳು ಹಾಸನದ ಮನೆಮನೆಯ ಟೇಪ್‌ರೆಕಾರ್ಡರಿಗೂ ಬಂದವು.

ಅಲ್ಲಿಂದ ಮುಂದೆ ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್, 2008ರ ತಮ್ಮ ಮೊದಲ ಆಲ್ಬಂನಲ್ಲಿ ಷರೀಫರ ಪದಗಳಿಗೆ ಬೇಸ್ ಗಿಟಾರು, ಡ್ರಮ್ಸು, ಪಿಟೀಲು ಕೂಡಿಸಿ ಕಾಲೇಜು ಹುಡುಗರನ್ನು ಕುಣಿಸಿದರು. ಅದನ್ನು ಹೊರತಂದದ್ದು ವಿಶಾಲ್–ಶೇಖರ್ ಜೋಡಿಯ ಸಂಸ್ಥೆ. ಮುಂದೆ ಮೆಟಾಲಿಕಾದ ಹಾಡನ್ನು ಮರುಮುದ್ರಿಸಿದವರಲ್ಲಿ ಒಬ್ಬರಾದ ವಿಶಾಲ್ ಇವರೇ. ಬೆಂಗಳೂರಿನ ‘ಅಗಂ’ ಬ್ಯಾಂಡು ಕರ್ನಾಟಕ ಸಂಗೀತದ ಕೃತಿಗಳನ್ನು ಪ್ರೊಗ್ರೆಸಿವ್ ರಾಕ್‌ಗೆ ತಂದಿತು. ‘ಕ್ರಿಪ್ಟೋಸ್’ 1998ರಿಂದ ಅಪ್ಪಟ ಹೆವಿ ಮೆಟಲ್ ನುಡಿಸುತ್ತ ಯುರೋಪಿನ ವೇದಿಕೆಗಳವರೆಗೆ ಹೋಯಿತು.

ಬೆಂಗಳೂರಿನ ಅರಮನೆ ಮೈದಾನದಲ್ಲಿ 2005ರಲ್ಲಿ ಅಶ್ವತ್ಥ್ ‘ಕನ್ನಡವೇ ಸತ್ಯ’ ಕಾರ್ಯಕ್ರಮ ನಡೆಸಿದಾಗ ಭಾವಗೀತೆ ಕೇಳಲು ಜನಸಾಗರವೇ ಬಂತು. ಅದೇ ಮೈದಾನದಲ್ಲಿ 2007ರ ಮಾರ್ಚ್‌ನಲ್ಲಿ ಐರನ್ ಮೇಡನ್, 2011ರ ಅಕ್ಟೋಬರ್ 30ರಂದು ಮೆಟಾಲಿಕಾ ನುಡಿಸಿದವು. ಚನ್ನರಾಯಪಟ್ಟಣದ ಮಗನೊಬ್ಬ ಕೂಡಿಹಾಡಿಸಿದ ನೆಲದಲ್ಲೇ ಮೆಟಲ್ ಕೂಡ ತನ್ನ ಜನರನ್ನು ಸೇರಿಸಿತು. ಸಾವಿರಾರು ಕೊರಳು ಒಂದಾಗುವ ಸುಖ ಎರಡು ಕಡೆಯೂ ಒಂದೇ ಎಂದು ನಾನು ಬಲವಾಗಿ ನಂಬುತ್ತೇನೆ.

ಹಾಡು ಯಾರದು?

ಮುದ್ರಿಸುವ ಮೊದಲು ಕಾನೂನು ತಿಳಿದಿರಬೇಕು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿಸಿದ 31ಸಿ ಕಲಂ ಕವರ್ ಹಾಡುಗಳದು. ಮೊದಲ ಧ್ವನಿಮುದ್ರಣವಾದ ವರ್ಷ ಮುಗಿದು ಐದು ವರ್ಷ ಕಳೆದಿರಬೇಕು, ಹಕ್ಕುದಾರರಿಗೆ ಮೊದಲೇ ತಿಳಿಸಬೇಕು, ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ರಾಯಧನ ಕಟ್ಟಬೇಕು, ಹಾಡಿನಲ್ಲಿ ಅನಗತ್ಯ ಬದಲಾವಣೆ ಮಾಡಬಾರದು. ಸಾಹಿತ್ಯವನ್ನು ಕನ್ನಡಕ್ಕೆ ತಿರುಗಿಸಿ ಹಾಡುವುದಾದರೆ ಹಕ್ಕುದಾರರ ಒಪ್ಪಿಗೆಯೇ ಬೇಕು. ಯೂಟ್ಯೂಬ್ ಹಾಡನ್ನು ತಾನಾಗಿ ಗುರುತಿಸುತ್ತದೆ. ಹಕ್ಕುದಾರರು ಜಾಹೀರಾತಿನ ಹಣ ತಾವು ಪಡೆಯಬಹುದು, ವಿಡಿಯೋವನ್ನೇ ತಡೆಯಬಹುದು. ಕಲಿಕೆಗೆಂದು ಮನೆಯಲ್ಲಿ ಕಟ್ಟಿಕೊಳ್ಳುವುದು ಬೇರೆ, ಮಾರಾಟಕ್ಕೆ ಇಡುವುದು ಬೇರೆ.

ಕೃತಿಕಾರ ತೀರಿಕೊಂಡು 60 ವರ್ಷವಾದ ಮೇಲೆ ಕೃತಿ ಎಲ್ಲರದೂ ಆಗುತ್ತದೆ. ಷರೀಫರು 1889ರಲ್ಲಿ ತೀರಿಕೊಂಡರು, ಅವರ ಪದ ನಮ್ಮೆಲ್ಲರ ಸೊತ್ತು. ಆದರೆ ಅಶ್ವತ್ಥ್ ತೀರಿಕೊಂಡದ್ದು 2009ರ ಡಿಸೆಂಬರ್ 29ರಂದು. ಅವರ ಮಟ್ಟುಗಳಿಗೆ 2069ರವರೆಗೂ ರಕ್ಷಣೆಯಿದೆ. ಷರೀಫರ ಪದ ಎತ್ತಿಕೊಂಡು ಮಟ್ಟನ್ನು ತಾವೇ ಕಟ್ಟಿದರೆ ಯಾರ ಒಪ್ಪಿಗೆಗೂ ಕಾಯಬೇಕಾಗಿಲ್ಲ. ದಾಸರ ಪದ, ವಚನಗಳಿಗೂ ಇದೇ ಮಾತು.

ನನ್ನ ಸಲಹೆಯೂ ಇದೇ. ಮೊದಲು ‘ಸ್ಕಿಸಂ’ನಂಥ ಹಾಡೊಂದನ್ನು ಕೂಡಿ ಮರುಮುದ್ರಿಸಿ, ಅದರ ಕಟ್ಟನ್ನು ಕಲಿಯಲಿ. ಆಮೇಲೆ ಅದೇ ತಂಡ ತತ್ವಪದವೊಂದನ್ನು ಹಿಡಿದು, ಖಂಡಮಿಶ್ರಗಳ ಲೆಕ್ಕ ಹಾಕಿ, ಸ–ಪ–ಸದ ಗುಡುಗು ಕೂಡಿಸಿ ತನ್ನದೇ ಹಾಡು ಕಟ್ಟಲಿ. ಇದಕ್ಕೆ ದೊಡ್ಡ ಸ್ಟುಡಿಯೊ ಬೇಡ. ಹಾಸನದ ಕಾಲೇಜುಗಳು ವಾರಕ್ಕೆ ಒಂದು ಸಂಜೆ ಒಂದು ಕೋಣೆಯನ್ನೂ ಡ್ರಮ್ ಸೆಟ್ಟನ್ನೂ ಬಿಟ್ಟುಕೊಡಲಿ. ಸಂಗೀತ ಶಾಲೆಗಳ ಮೇಷ್ಟ್ರುಗಳು ತಮ್ಮ ಶಿಷ್ಯರನ್ನು ಅಲ್ಲಿಗೆ ಸಂಕೋಚವಿಲ್ಲದೆ ಕಳಿಸಲಿ. ಕಾಲೇಜು ಉತ್ಸವಗಳ ತೀರ್ಪುಗಾರರು ಮೂಲದ ಹಾಗೇ ಇದೆಯೇ ಎಂದು ನೋಡುವುದನ್ನು ಬಿಟ್ಟು, ಒಬ್ಬರು ಇನ್ನೊಬ್ಬರನ್ನು ಎಷ್ಟು ಕೇಳಿಸಿಕೊಂಡಿದ್ದಾರೆ ಎಂಬುದಕ್ಕೆ ಅಂಕ ಕೊಡಲಿ. ಅಷ್ಟಾದರೆ ರುದ್ರಪಟ್ಟಣದ ಮೃದಂಗವೂ ಹಾಸ್ಟೆಲಿನ ಗಿಟಾರೂ ಒಂದೇ ಹಾಡಿನಲ್ಲಿ ಕೇಳುವುದಕ್ಕೆ ಬೇರೇನೂ ಅಡ್ಡಿಯಿಲ್ಲ.